ಬಲದಿಂದ ಓದಿದರೆ

ನರ್ಸು ಕರೆದದ್ದು 'ಮಿಸ್ಟರ್ ಡುಮಾಪಾ' ಎಂದು.
ದೂಮಪ್ಪ ನಾನೇ ಎಂದು ತಿಳಿದು ಏಳಲು ಶುರುಮಾಡಿದೆ;
ಎದ್ದು ಮುಗಿಯುವಷ್ಟರಲ್ಲಿ
ಇನ್ನೂ ಎರಡು ಸಲ ಕರೆದಿದ್ದಳು.

ಇದಕ್ಕೆ ಮೊದಲು ರೂವಿಯ ಡಾಕ್ಟರೊಬ್ಬ
ಏಳು ನಿಮಿಷದಲ್ಲಿ ನನ್ನನ್ನು ಮುಗಿಸಿದ್ದ.
ಕಣ್ಣು ಕಂಪ್ಯೂಟರಿನ ಮೇಲೆ. 'ವಯಸ್ಸು, ಟೆನ್ಶನ್.'
ವಿಟಮಿನ್ನಿನ ಡಬ್ಬಿ, ಇಪ್ಪತ್ತೆರಡು ರಿಯಾಲು.
ಮೂವತ್ತೊಂದು ವರ್ಷ ವಾದಿ ಕಬೀರಿನಲ್ಲಿ
ಗಾಡಿಯ ಬಿಡಿಭಾಗ ಮಾರಿದವನು ನಾನು,
ಬಾನೆಟ್ ಎತ್ತದೆ ರೋಗ ಹೇಳುವ ಮೆಕ್ಯಾನಿಕ್ಕನ್ನು
ದೂರದಿಂದಲೇ ಗುರುತಿಸಬಲ್ಲೆ.
ಆದರೂ ಹಣ ಎಣಿಸಿಕೊಟ್ಟೆ.
ಕೈ ನಡುಗುವವನಿಗೆ ಜಗಳ ಆಡಲು ನಾಚಿಕೆ.

ಡಾಕ್ಟರ್ ಇಖ್ಲಾಸ್ ಒಮ್ದುರ್ಮಾನಿನವರು.
ಕೋಣೆ ಸಾಲದೆಂದು ಕಾರಿಡಾರಿನಲ್ಲಿ ನಡೆಸಿದರು,
ಹಿಂದೆ ನಿಂತು ಭುಜ ಹಿಡಿದು ಎಳೆದರು,
ಬಿದ್ದರೆ ಹಿಡಿಯಲು ತಾವೇ ಕಾಲೂರಿಕೊಂಡು.
'ಲೋಬಾನದ ವಾಸನೆ ಬರುತ್ತದೆಯೇ?'
ಮಸ್ಕತ್ತಿನಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ.
ನಾನು ಬಾಯಿ ತೆರೆಯುವ ಮುಂಚೆ ಗುಲಾಬಿ ಅಂದಳು:
'ಆರು ವರ್ಷವಾಯ್ತು. ಬೂತಾಯಿ ಹಳಸಿದರೂ ಗೊತ್ತಾಗದು.'
ಅವಳು ಲೆಕ್ಕ ಇಟ್ಟಿದ್ದಾಳೆಂದು
ನನಗೆ ತಿಳಿದಿರಲಿಲ್ಲ.

ಆಮೇಲೆ ಮಣಿಕಟ್ಟು ಹಿಡಿದು ಮೆಲ್ಲಗೆ ತಿರುಗಿಸಿದರು.
ಟಕ್. ಟಕ್. ಟಕ್. ನಿಂತು ನಿಂತು ಹೋಯಿತು.
'ಕಾಗ್‌ವೀಲ್' ಅಂದರು, ಬಿಡಿಸಿ ಹೇಳಲು ಹೊರಟರು.
ಬೇಡ ಡಾಕ್ಟ್ರೇ, ಗೊತ್ತು.
ಹಲ್ಲುಚಕ್ರ. ನಮ್ಮಲ್ಲಿ ಎಡಗಡೆ ನಾಲ್ಕನೆಯ ಕಪಾಟು.
ಸವೆದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ.
ಅವರು ನಕ್ಕರು.
ನನ್ನ ಅಂಗಡಿ ಅರಬ್ಬಿಯಲ್ಲಿ ಒಂದು ತಮಾಷೆ,
ಬಹಳ ದಿನದ ಮೇಲೆ.

'ನಿಮ್ಮ ಭಾಷೆಯಲ್ಲಿ ಒಂದು ಸಾಲು ಬರೆಯಿರಿ.'
ಏನು ಬರೆಯಲಿ? ಸ್ಟಾಕಿನ ಪುಸ್ತಕದಲ್ಲಿ ಬರೆಯುವುದನ್ನೇ ಬರೆದೆ:
ಬೇರಿಂಗು, ಬೆಲ್ಟು, ಬ್ರೇಕ್ ಪ್ಯಾಡು, ಕ್ಲಚ್ಚು, ಗ್ಯಾಸ್ಕೆಟ್ಟು.
ಬೇರಿಂಗು ಎದೆಯೆತ್ತಿ ನಿಂತಿತ್ತು;
ಬೆಲ್ಟಿನ ಒತ್ತು ಆಗಲೇ ಕುಗ್ಗಿತ್ತು;
ಗ್ಯಾಸ್ಕೆಟ್ಟಿಗೆ ಬರುವಾಗ ಬರೀ ಸಾಸಿವೆ,
ಕೊಂಬು ಯಾವುದು ಒತ್ತು ಯಾವುದು ನನಗೇ ತಿಳಿಯದು.

ಅವರು ಕಾಗದ ಹತ್ತಿರ ಎಳೆದುಕೊಂಡು
ಅಭ್ಯಾಸಬಲದಿಂದ ಬೆರಳನ್ನು ಬಲಗಡೆ ಇಟ್ಟರು.
ಆ ಕಡೆಯಿಂದ ಓದಿದರೆ
ಅಕ್ಷರಗಳು ದೊಡ್ಡವಾಗುತ್ತ ಬರುತ್ತಿದ್ದವು!
ಅದನ್ನೇ ಹೇಳಿದೆ.
'ಹಾಗೆ ಆಗುವುದಿಲ್ಲ,' ಅಂದರು, ಕಣ್ಣು ತಪ್ಪಿಸದೆ.
'ಇದು ಬಂದ ದಾರಿಯಲ್ಲಿ ಹಿಂದಿರುಗುವ ಕಾಯಿಲೆಯಲ್ಲ.
ಹೊತ್ತನ್ನು ಮಾತ್ರ ಹೊಂದಿಸಿ ನೋಡಬಹುದು.
ಯಾವ ಹೊತ್ತಿಗೆ ಮೈ ನಿಮ್ಮದಾಗಬೇಕು, ಹೇಳಿ.'

ಬೆಳಿಗ್ಗೆ ಒಂಬತ್ತು, ಅಂದೆ. ಕೌಂಟರು ತೆರೆಯುವ ಹೊತ್ತು.
ಗುಲಾಬಿ ನೆಲ ನೋಡುತ್ತ ಅಂದಳು: ರಾತ್ರಿ ಮೂರು.
'ಮಗ್ಗುಲು ಬದಲಿಸಲು ಆಗುವುದಿಲ್ಲ ಇವರಿಗೆ.
ನಾನೇ ತಿರುಗಿಸುತ್ತೇನೆ.
ನಿದ್ದೆಯಲ್ಲಿ ತಾವೇ ತಿರುಗಿದ್ದು ಅಂದುಕೊಂಡಿದ್ದಾರೆ.'

ಏಸಿಯ ಸದ್ದು ಮಾತ್ರ.
ಡಾಕ್ಟರು ಪೆನ್ನು ಕೆಳಗಿಟ್ಟು
ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು.

ಹೊರಗೆ ಆರೇಳು ಜನ ಕಾಯುತ್ತಿದ್ದರು. ಕಾದರು.
ಮಾತ್ರೆಗೂ ಮೀನಿಗೂ ಅಷ್ಟಾಗಿ ಆಗಿಬರುವುದಿಲ್ಲ,
ನಡುವೆ ಅರ್ಧ ಗಂಟೆ ಇರಲಿ ಎಂದರು;
ರಾತ್ರಿಗೆ ಬೇರೆಯದು, ನಿಧಾನ ಕರಗುವುದು;
ಯಾವಾಗ ಮೈ ಹಗುರ, ಯಾವಾಗ ಸೀಸ,
ಗಂಟೆ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.
ಆರು ವಾರಕ್ಕೆ ಬನ್ನಿ. ಇವರೂ ಬರಲಿ.
ನೀವು ಮರೆತರೂ ಇವರು ಬರಲಿ.

ಒಂಬತ್ತಕ್ಕೆ ಕೈ ಈಗಲೂ ಕೆಲವು ದಿನ ನನ್ನದಲ್ಲ.
ಚಿಲ್ಲರೆ ಬೀಳುತ್ತದೆ, ಗಿರಾಕಿಯೇ ಬಗ್ಗಿ ಹೆಕ್ಕುತ್ತಾನೆ.
ಆದರೆ ಹದಿನೇಳನೆಯ ರಾತ್ರಿ ಎಚ್ಚರವಾಗಿ
ಗೋಡೆಯ ಕಡೆ ಇದ್ದವನು ಕಿಟಕಿಯ ಕಡೆ ಹೊರಳಿದೆ.
ಮಂಚ ಕಿರುಗುಟ್ಟಿತು, ಅಷ್ಟೆ.
ಗುಲಾಬಿ ಧಡಕ್ಕನೆ ಎದ್ದು ಕೂತು ದೀಪ ಹಾಕಿದಳು:
'ಏನಾಯ್ತು? ಯಾರು ತಿರುಗಿಸಿದ್ದು?'

ನೋಟ್‌ಬುಕ್ಕಿನಲ್ಲಿ ಬರೆದುಕೋ, ಅಂದೆ.
ಮೂರು ಗಂಟೆ ಹತ್ತು ನಿಮಿಷ.
ಬರೆದಳು. ದುಂಡಗಿನ ಅಕ್ಷರ ಅವಳದು,
ನಿದ್ದೆಗಣ್ಣಿನಲ್ಲೂ
ಸಾಲಿನ ಕೊನೆಯವರೆಗೆ ಒಂದೇ ಅಳತೆ.